ಆಯ್ತು ಅಂದವರ ಲೆಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಣ್ಣಾಸ್ಪತ್ರೆಯ ಟೋಕನ್ ಸಾಲು ಆಗಲೇ ಕಾಂಪೌಂಡ್ ಗೋಡೆಗೆ ಸುತ್ತಿಕೊಂಡಿದೆ. ಎಲ್ಲರ ಕಣ್ಣೂ ಒಳಗೆ ಹೋಗುವ ಬಾಗಿಲ ಮೇಲಿದ್ದರೆ ಚುಕ್ಕಿ ಮೇಡಂ ಮಾತ್ರ ಸಾಲು ಬಿಟ್ಟು ಹೊರಟವರ ಹಿಂದೆ ಓಡುತ್ತಿದ್ದಾರೆ.

“ಅಜ್ಜ, ಯಾಕೆ ಹೊರಟ್ರಿ?”

“ಕಾಲು ನಿಲ್ತಾ ಇಲ್ಲಮ್ಮ. ನಾಳೆ ನೋಡೋಣ.”

ಕೈಯಲ್ಲಿರುವ ಟ್ಯಾಬ್‌ನಲ್ಲಿ ಅದನ್ನು ಗುರುತು ಹಾಕಿಕೊಂಡು, ಅಜ್ಜನಿಗೊಂದು ಕುರ್ಚಿ ಹುಡುಕಿ ಕೂರಿಸಿ, ಈಕೆ ಮತ್ತೆ ತಮ್ಮ ಜಾಗಕ್ಕೆ ಬರುತ್ತಾರೆ.

ಚುಕ್ಕಿ ಮೇಡಂ ಎಂಬ ಹೆಸರು ಆಸ್ಪತ್ರೆಯ ಅಟೆಂಡರುಗಳ ಕೊಡುಗೆ. ಟೋಕನ್, ನೋಂದಣಿ, ನರ್ಸು, ಡಾಕ್ಟರು ಹೀಗೆ ರೋಗಿ ಸಾಗುವ ದಾರಿಯನ್ನೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಅದರೊಳಗೆ ರೋಗಿಗಳನ್ನು ಚುಕ್ಕಿಗಳಾಗಿ ಓಡಿಸುವುದು ಈಕೆಯ ಕೆಲಸ. ಒಂದು ಕಿಟಕಿ ಮುಚ್ಚಿದರೆ, ಒಬ್ಬ ನರ್ಸ್ ಹೆಚ್ಚಾದರೆ ಸಾಲು ಏನಾಗುತ್ತದೆ ಎಂಬುದು ನಿಜದ ಜನರನ್ನು ನಿಲ್ಲಿಸುವ ಮೊದಲೇ ತೆರೆಯ ಮೇಲೆ ಗೊತ್ತಾಗುತ್ತದೆ. “ಮೇಡಂ ಚುಕ್ಕಿ ಆಟ ಆಡ್ಕೊಂಡೇ ಸಂಬಳ ತಗೋತಾರೆ” ಎಂದು ಅಟೆಂಡರುಗಳು ರೇಗಿಸುತ್ತಾರೆ. ಮೊದಲೆಲ್ಲ ಈಕೆಯೂ ನಗುತ್ತಿದ್ದರು. ಈಗ ಆ ಹೆಸರು ಕೇಳಿದರೆ ತಲೆ ತಗ್ಗುತ್ತದೆ.

ಕಾರಣ ಒಂದು ಪದ. ಚುಕ್ಕಿಗಳಿಗೆ ಬೇಕಾದ ಮಾಹಿತಿಗಾಗಿ ಈಕೆ ಹೊರಬಾಗಿಲಲ್ಲಿ ನಿಂತು, ಹೋಗುವ ಪ್ರತಿಯೊಬ್ಬರನ್ನೂ “ಆಯ್ತಾ?” ಎಂದು ಕೇಳಿದ್ದರು. ಬಹುತೇಕ ಎಲ್ಲರೂ “ಆಯ್ತು” ಎಂದರು. ಡಾಕ್ಟರನ್ನು ಕಂಡು ಬಂದವರೂ ಆಯ್ತು ಎಂದರು, ಕಾದು ಕಾದು ಸಾಕಾಗಿ ಮನೆಗೆ ಹೊರಟವರೂ “ಆಯ್ತು ಬಿಡಮ್ಮ” ಎಂದರು. ಈಕೆ ಎರಡಕ್ಕೂ ಒಂದೇ ಗುಂಡಿ ಒತ್ತಿದರು. ತೆರೆಯ ಮೇಲೆ ಎಲ್ಲ ಚುಕ್ಕಿಗಳೂ ಸಲೀಸಾಗಿ ದಾರಿ ಮುಗಿಸಿದವು. ನೋಂದಣಿಯ ಮೂರನೇ ಕಿಟಕಿ ದಂಡ ಎಂಬ ವರದಿ ಹೋಯಿತು, ಕಿಟಕಿ ಮುಚ್ಚಿತು, ಮೇಡಂಗೆ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ಅಂದು ಬಾಗಿಲು ದಾಟಿದವರಲ್ಲಿ ಈಕೆಯ ದೊಡ್ಡಮ್ಮನೂ ಒಬ್ಬರು. ತಾಯಿಯಿಲ್ಲದ ಮಗುವನ್ನು ಬಟ್ಟೆ ಹೊಲಿದು ಸಾಕಿ, ಓದಿಸಿದವರು. ತಿಂಗಳುಗಳ ನಂತರ ಅವರು ಸೂಜಿಗೆ ದಾರ ಪೋಣಿಸಿಕೊಡು ಎಂದಾಗ ವಿಷಯ ಹೊರಬಿತ್ತು. ಎಡಗಣ್ಣು ಪೂರ್ತಿ ಮಸುಕಾಗಿತ್ತು.

“ಅವತ್ತು ಡಾಕ್ಟರ್ ನೋಡಿದ್ರು ಅಂದ್ಯಲ್ಲ ದೊಡ್ಡಮ್ಮ?”

“ನೋಡಿದ್ರು ಅಂತ ಎಲ್ಲಿ ಅಂದೆ? ನೀನು ಆಯ್ತಾ ಅಂದೆ, ನಾನು ಆಯ್ತು ಅಂದೆ. ನೀನು ಕೆಲಸದಲ್ಲಿದ್ದೆ, ನಿನಗ್ಯಾಕೆ ತೊಂದ್ರೆ ಅಂತ.”

ಇದನ್ನು ನನಗೆ ಹೇಳುವಾಗ ಮೇಡಂ ಟ್ಯಾಬ್‌ನ ಅಂಚನ್ನು ಉಗುರಿನಿಂದ ಕೆರೆಯುತ್ತಾರೆ. “ಸಾಕಿದವಳ ಮುಖ ನೋಡಿನೂ ನನಗೆ ಗೊತ್ತಾಗ್ಲಿಲ್ಲ. ಮುಖ ನೋಡಿದ್ರೆ ತಾನೆ? ನಾನು ಗುಂಡಿ ನೋಡ್ತಿದ್ದೆ. ನಾಚಿಕೆ ಆಗುತ್ತೆ. ನನ್ನ ಬಗ್ಗೆ ಬರೆಯೋದಾದ್ರೆ ಇದನ್ನೇ ಮೊದಲು ಬರೀರಿ.”

ವಿಷಯ ತಿಳಿದ ಮರುದಿನವೇ ಮೇಲಧಿಕಾರಿಯ ಕೋಣೆಗೆ ಹೋಗಿ ವರದಿ ತಪ್ಪು ಎಂದರಂತೆ. ಅದೇ ಮಾದರಿಯನ್ನು ಉಳಿದ ಶಾಖೆಗಳಿಗೂ ಕಳಿಸಲು ಅಧಿಕಾರಿ ತಯಾರಾಗಿದ್ದರು. “ಚಪ್ಪಾಳೆ ತಗೊಂಡು ಈಗ ಬಂದು ತಪ್ಪು ಅಂತೀರಲ್ಲ” ಎಂದು ಸಿಡುಕಿದರು. ಕೊನೆಗೆ, ಸರಿಯಾದ ಲೆಕ್ಕ ತಂದರೆ ಕಿಟಕಿ ತೆರೆಯೋಣ ಎಂದರು. ಅಂದಿನಿಂದ ಈಕೆಯ ಬೆಳಗು ಶುರುವಾಗುವುದೇ ಈ ಬಾಗಿಲಲ್ಲಿ. “ಆಯ್ತಾ?” ಎಂದು ಯಾರನ್ನೂ ಕೇಳುವುದಿಲ್ಲ. ತೆರೆಯ ಮೇಲಿನ ಆಸ್ಪತ್ರೆಗೆ ಈಗ ಹೊರಹೋಗುವ ಬಾಗಿಲುಗಳು ಎರಡು. ಡಾಕ್ಟರನ್ನು ಕಂಡವರಿಗೊಂದು, ಕಾಣದೆ ಹೋದವರಿಗೊಂದು. ಆ ಎರಡನೆಯದರಲ್ಲಿ ನುಗ್ಗಿದ ಚುಕ್ಕಿಗಳನ್ನು ಕಂಡು ಅಧಿಕಾರಿ ಕಿಟಕಿ ತೆರೆಯುವ ಆದೇಶಕ್ಕೆ ಸಹಿ ಹಾಕಿದರು.

ಇಂದು ಮೂರನೇ ಕಿಟಕಿ ಮತ್ತೆ ತೆರೆದಿದೆ. ಬಿಸಿಲೇರುವ ಹೊತ್ತಿಗೆ ಗೋಡೆ ಹಿಡಿದುಕೊಂಡು ದೊಡ್ಡಮ್ಮ ಹೊರಗೆ ಬರುತ್ತಾರೆ. ಎಡಗಣ್ಣು ಇನ್ನು ಮರಳುವುದಿಲ್ಲವಂತೆ, ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕು. ಮೇಡಂ ಟ್ಯಾಬ್ ಅನ್ನು ಕಂಕುಳಿಗೆ ಸಿಕ್ಕಿಸಿ ಹತ್ತಿರ ಹೋಗುತ್ತಾರೆ.

“ಡಾಕ್ಟರ್ ಏನಂದ್ರು?”

“ಆಯ್ತು ಕಣೇ, ನಡಿ.”

“ಆಯ್ತು ಅನ್ಬೇಡ ದೊಡ್ಡಮ್ಮ.” ಈಕೆ ಅವರ ಎರಡೂ ಕೈ ಹಿಡಿದು, ಮುಖ ನೋಡುತ್ತಾ ನಿಲ್ಲುತ್ತಾರೆ. “ಏನಾಯ್ತು, ಪೂರ್ತಿ ಹೇಳು. ನನಗೇನೂ ತೊಂದ್ರೆ ಇಲ್ಲ.”