ಅಕ್ಕ ಮುದ್ದೆ ಬಿಟ್ಟ ಮೂರು ತಿಂಗಳು

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಆದಿಮಾನವಳಾಗಲು ಹೊರಟೆ. ಗ್ಯಾಸ್ ಸಿಲಿಂಡರನ್ನು ಬಾಗಿಲಿನಿಂದ ಅಡುಗೆಮನೆಗೆ ಉರುಳಿಸಿದರೆ ಏದುಸಿರು ಬಿಡುವವಳು, ಜಿರಲೆ ಕಂಡರೆ ಸ್ಟೂಲು ಹತ್ತುವವಳು, ಬೇಟೆಗಾರರ ಬಾಳಿಗೆ ಮರಳುತ್ತೇನೆಂದರೆ ಯಾರಿಗಾದರೂ ನಗು ಬರುತ್ತದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ಕಾರಣ ಸಕ್ಕರೆ ಕಾಯಿಲೆ. ನಮ್ಮಿಬ್ಬರು ಅಕ್ಕತಂಗಿಯರಿಗೆ ತವರಿನಿಂದ ಸಮನಾಗಿ ಬಂದದ್ದು ಅದೊಂದೇ. ನಾನು ಕೋಲಾರದ ಒಂದು ಶಾಲೆಯ ಆಫೀಸಿನಲ್ಲಿ ಕುರ್ಚಿ ಸವೆಸುವವಳು. ಅಕ್ಕ ವಕ್ಕಲೇರಿಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವಳು. ಡಾಕ್ಟರು ಇಬ್ಬರಿಗೂ ಒಂದೇ ದಿನ ಒಂದೇ ಮಾತು ಹೇಳಿದರು: ಮಾತ್ರೆ ಬಿಡಬೇಡಿ, ಊಟ ಸರಿಮಾಡಿಕೊಳ್ಳಿ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್. ಅಕ್ಕನಿಗೆ ಇನ್ನೊಂದು ಮಾತು ಸೇರಿಸಿದರು. ಹಸು ತುಳಿದು ಅವಳ ಕಾಲ್ಬೆರಳಿಗೆ ಆಗಿದ್ದ ಗಾಯ ಮಾಯುತ್ತಲೇ ಇರಲಿಲ್ಲ. ಸಕ್ಕರೆ ಹೀಗೇ ಇದ್ದರೆ ಆ ಬೆರಳು ಉಳಿಯುವುದು ಕಷ್ಟ ಎಂದರು.

ಆಚೆ ಬಂದ ಅಕ್ಕ ಬೆರಳಿನ ಸುದ್ದಿ ಎತ್ತಲಿಲ್ಲ. "ದಿನಾ ಚುಚ್ಕೋಬೇಕೇನೇ? ಹಸೂಗೆ ಇಂಜಕ್ಷನ್ ಹಾಕೋವಾಗ್ಲೇ ನಾನು ಆ ಕಡೆ ತಿರುಕ್ಕೊಂಡ್ಬಿಡ್ತೀನಿ" ಎಂದಳು.

ಆ ವಾರವೇ ಮೊಬೈಲಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ನನಗೆ ದಾರಿ ತೋರಿಸಿದ. ಬೇಸಾಯ ಶುರುವಾಗುವ ಮುಂಚೆ ಮನುಷ್ಯರು ಏನು ತಿನ್ನುತ್ತಿದ್ದರೋ ಅದನ್ನೇ ತಿನ್ನಬೇಕಂತೆ. ಮಾಂಸ, ಮೊಟ್ಟೆ, ಸೊಪ್ಪು, ಗೆಡ್ಡೆ, ಒಂದಷ್ಟು ಹಣ್ಣು. ಧಾನ್ಯ ಕೂಡದು, ಬೇಳೆಕಾಳು ಕೂಡದು, ಹಾಲು ಕೂಡದು. ಅಂದರೆ ಕೋಲಾರದ ಹೆಂಗಸು ಮುದ್ದೆಯನ್ನು ಬಿಡಬೇಕು, ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಗುಡ್ಡೆ ಕಂಡರೆ ರಸ್ತೆಯ ಆ ಬದಿಗೆ ಹೋಗಬೇಕು. ರಾಗಿಯೂ ನಮ್ಮ ನೆಲದ್ದಲ್ಲವಂತೆ, ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಸಮುದ್ರ ದಾಟಿ ಬಂದದ್ದಂತೆ. ಅದು ಬರುವ ಮುಂಚೆ ನಮ್ಮ ಬೆಟ್ಟದ ಬಂಡೆಗಳ ನಡುವೆ ಬದುಕಿದವರು ಸಾರಿಗೆ ಏನನ್ನು ಅದ್ದಿಕೊಂಡರೋ ಎಂದು ನಾನು ಎಷ್ಟೋ ಹೊತ್ತು ಯೋಚಿಸಿದ್ದೇನೆ, ಮುಖ್ಯವಾಗಿ ಹಸಿವಾದಾಗ.

ವ್ಯಾಯಾಮವೂ ಅವರದೇ ಆಗಬೇಕು. ಬರಿಗಾಲಲ್ಲಿ ನಡೆಯುವುದು, ಭಾರ ಹೊರುವುದು, ಕುಕ್ಕರಗಾಲಲ್ಲಿ ಕೂರುವುದು. ನಾನು ಸಂಜೆ ಶಾಲೆಯ ಮೈದಾನದಲ್ಲಿ ಬರಿಗಾಲಲ್ಲಿ ಸುತ್ತುತ್ತಿದ್ದರೆ ಗೇಟಿನ ಹತ್ತಿರ ಹೂವು ಕಟ್ಟುವಾಕೆ, "ಯಾಕಮ್ಮ, ಚಪ್ಪಲಿ ಕಿತ್ತೋಯ್ತಾ?" ಎಂದು ಕೇಳುತ್ತಿದ್ದಳು. ನೀರಿನ ಕ್ಯಾನು ಹೊತ್ತು ನಮ್ಮ ಮಹಡಿ ಮೆಟ್ಟಿಲು ಹತ್ತಿ ಇಳಿದೆ. ಕುಕ್ಕರಗಾಲಲ್ಲಿ ಕೂತದ್ದು ಮಾತ್ರ ಒಂದೇ ಸಲ. ಎದ್ದದ್ದು ಬಾಗಿಲ ಚಿಲಕ ಹಿಡಿದುಕೊಂಡು. ಅದೇ ಹೊತ್ತಿಗೆ ವಕ್ಕಲೇರಿಯಲ್ಲಿ ಅಕ್ಕ ಹುಲ್ಲಿನ ಹೊರೆ ತಲೆಯ ಮೇಲಿಟ್ಟು ಬದುವಿನ ಮೇಲೆ ಬರುತ್ತಿದ್ದಳು. ಅದನ್ನು ವ್ಯಾಯಾಮ ಎಂದು ಯಾರೂ ವಿಡಿಯೊ ಮಾಡಲಿಲ್ಲ.

ಅವಳಿಗೂ ಫೋನಿನಲ್ಲಿ ಉಪದೇಶ ಮಾಡಿದೆ. "ಅಕ್ಕ, ಮೊದ್ಲು ಮುದ್ದೆ ಬಿಟ್ಬಿಡು."

"ಮುದ್ದೆ ಬಿಟ್ಟು ಗೇಯೋದು ಹೆಂಗೇ?"

"ಆದಿಮಾನವ್ರು ಗೇಯ್ಲಿಲ್ವಾ?"

"ಅವ್ರಿಗೆ ಹಸು ಇದ್ವಾ?"

ಆ ಗಟ್ಟಿಮುಟ್ಟಾದವನ ವಿಡಿಯೊದಲ್ಲಿ ಹಸುವಿನ ಸುದ್ದಿಯೇ ಬಂದಿರಲಿಲ್ಲ. "ನಾನು ಹೇಳಿದಷ್ಟು ಮಾಡಕ್ಕ" ಎಂದೆ. "ಆಯ್ತು ಕಣೇ, ಓದಿರೋಳು ನೀನು" ಎಂದಳು ಅಕ್ಕ.

ಮಾತಿನ ಕೊನೆಯಲ್ಲಿ ನನ್ನ ಬೇಡಿಕೆಯನ್ನೂ ಇಟ್ಟೆ: ವಾರಕ್ಕೊಮ್ಮೆ ಬೆರಕೆ ಸೊಪ್ಪು ಕಳಿಸು. ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಹೊನಗೊನ್ನೆ, ಗೋಣಿ, ಕೀರೆಗಳನ್ನೆಲ್ಲ ಬಗ್ಗಿ ಬಗ್ಗಿ ಆಯ್ದು ಒಟ್ಟು ಮಾಡಿದರೆ ಅದೇ ಬೆರಕೆ ಸೊಪ್ಪು. ಆದಿಮಾನವರ ಊಟ ಎಂದರೆ ನಮ್ಮ ಕಡೆ ಅದಲ್ಲದೆ ಇನ್ನೇನು? ಪ್ರತಿ ಭಾನುವಾರ ಅಕ್ಕ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಚೀಲ ಕಳಿಸುತ್ತಿದ್ದಳು. ತುಂಬಿದ ಚೀಲ, ಬೇರಿನ ಮಣ್ಣು ಕೂಡ ಒದರಿದ್ದು, ಮೇಲೆ ಹುಲ್ಲಿನಲ್ಲಿ ಸುತ್ತಿದ ನಾಟಿ ಮೊಟ್ಟೆ. ನಾನು ಬೇಯಿಸಿ, ಬಾಡಿಸಿ, ಫೋಟೊ ತೆಗೆದು, ತಿಂದೆ.

ಮೂರು ತಿಂಗಳಾಯಿತು. ಇಬ್ಬರೂ ರಕ್ತ ಕೊಟ್ಟೆವು. ನನ್ನದು ಚೆನ್ನಾಗಿ ಇಳಿದಿತ್ತು. ಅಕ್ಕನದು ಏರಿತ್ತು. ಬೆರಳು ಕಪ್ಪಗಾಗುತ್ತಿತ್ತು. ಡಾಕ್ಟರು ನನ್ನ ಕಡೆ ತೋರಿಸಿ, "ನೋಡಿಮ್ಮಾ, ನಿಮ್ಮ ತಂಗಿ ಹೆಂಗೆ ಮಾಡಿದ್ದಾರೆ. ನೀವೂ ಹಂಗೆ ಮಾಡ್ಬೇಕಿತ್ತು" ಎಂದರು.

"ಅವ್ಳು ಹೇಳ್ದಂಗೇ ಮಾಡಿದ್ದು ಸಾರ್" ಎಂದಳು ಅಕ್ಕ. ದೂರಿನ ಧ್ವನಿಯೇನಲ್ಲ. ನನ್ನ ಮಾತು ಕೇಳಿದ್ದೇನೆ ಎಂದು ನನಗೇ ಸಾಕ್ಷಿ ಹೇಳುವ ಹಾಗಿತ್ತು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಕ್ಕನನ್ನು ಕೂರಿಸಿಕೊಂಡು, ಮೂರು ತಿಂಗಳಲ್ಲಿ ಒಂದು ಸಲವೂ ಕೇಳದಿದ್ದ ಪ್ರಶ್ನೆ ಕೇಳಿದೆ. "ಮುದ್ದೆ ಬಿಟ್ಟು ಏನಕ್ಕ ತಿಂತಿದ್ದೆ?"

"ಏನು ತಿಂತಾರೆ? ಅನ್ನ."

"ಅನ್ನಾನಾ?"

"ಇನ್ನೇನು ಮತ್ತೆ? ರೇಷನ್ ಅಕ್ಕಿ ಇತ್ತಲ್ಲ. ನಿಮ್ಮ ಭಾವಂಗೆ ಮುದ್ದೆ ತಿರುವಿ ಹಾಕ್ತಿದ್ದೆ, ನಾನು ಅನ್ನ ತಿಂತಿದ್ದೆ. ಮುದ್ದೆ ಮುಟ್ಟಿಲ್ಲ ಕಣೇ, ಬೇಕಾದ್ರೆ ಅವರನ್ನೇ ಕೇಳು."

ನಮ್ಮ ಮನೆಯಲ್ಲಿ ಅನ್ನ ಎಂದರೆ ಹಬ್ಬಕ್ಕೆ ಮತ್ತು ಜ್ವರಕ್ಕೆ ಮಾಡುವಂಥದ್ದು. ಊಟ ಎಂದರೆ ಮುದ್ದೆ. ಕಾಯಿಲೆಯವರಿಗೆ ಮುದ್ದೆ ಭಾರ, ಅನ್ನ ಹಗುರ ಎಂದು ಅಮ್ಮ ನಮ್ಮಿಬ್ಬರಿಗೂ ಬಿಸಿಗಂಜಿ ಕುಡಿಸಿ ಬೆಳೆಸಿದವಳು. ಅದನ್ನು ನಾನು ಮರೆತಿರಲಿಲ್ಲ. 'ಧಾನ್ಯ ಬಿಡು' ಎಂಬುದನ್ನು ಅಕ್ಕನಿಗೆ ತಿಳಿಯಲೆಂದು 'ಮುದ್ದೆ ಬಿಡು' ಎಂದು ಸುಲಭ ಮಾಡಿ ಹೇಳಿ, ಫೋನಿಟ್ಟು, ಮೈದಾನಕ್ಕೆ ನಡೆದಿದ್ದೆ.

"ಸೊಪ್ಪಾದ್ರೂ ತಿನ್ಬೋದಿತ್ತಲ್ಲಕ್ಕ, ಅಷ್ಟೊಂದು ಆಯ್ದು ಕಳಿಸ್ತಿದ್ದೆ?"

"ಎಲ್ಲಿದೆ ಸೊಪ್ಪು? ಟೊಮೇಟೊ ತೋಟದ ಸುತ್ತ ಎಲ್ಲಾ ಕಳೆ ಔಷಧಿ ಹೊಡ್ದುಬಿಡ್ತಾರೆ. ಕೆರೆ ಆ ಕಡೆವರ್ಗೂ ಹೋಗ್ಬೇಕು. ಸಿಕ್ಕಿದ್ದು ನಿನ್ ಚೀಲಕ್ಕೇ ಸರಿಹೋಗ್ತಿತ್ತು."

ಅಷ್ಟು ದೂರವನ್ನು ಆ ಕಾಲಿನಲ್ಲಿ, ಆ ಬೆರಳಿನಲ್ಲಿ ನಡೆದಿದ್ದಳು. ಆದಿಮಾನವರು ಏನು ತಿಂದರೆಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸೊಪ್ಪು ಆಯ್ದು ತಂದ ಹೆಂಗಸಿಗೆ ಅದರಲ್ಲಿ ಎಷ್ಟು ಉಳಿಯಿತೆಂದು ಯಾರೂ ಹೇಳುವುದಿಲ್ಲ. ಬಹುಶಃ ಆ ಹೇಳುವವರಿಗೆಲ್ಲ ಚೀಲ ಮನೆ ಬಾಗಿಲಿಗೇ ಬರುತ್ತಿರಬೇಕು.

ಈಗ ಇನ್ಸುಲಿನ್ ಶುರುವಾಗಿದೆ. ಸಿರಿಂಜಿನ ಸಣ್ಣ ಗೆರೆಗಳು ಅಕ್ಕನ ಕಣ್ಣಿಗೆ ಕಾಣುವುದಿಲ್ಲ, ಭಾವನ ಕೈ ನಡುಗುತ್ತದೆ. ಹಾಗಾಗಿ ಬೆಳಗಿನ ಮೊದಲ ಬಸ್ಸಿಗೆ ನಾನೇ ಹೋಗುತ್ತೇನೆ. ಗಾಯ ತೊಳೆದು ಪಟ್ಟಿ ಕಟ್ಟುತ್ತೇನೆ. ಬೆರಳು ಇನ್ನೂ ಇದೆ. ಉಳಿಯುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಚುಚ್ಚುವಾಗ ಅಕ್ಕ ಕೊಟ್ಟಿಗೆಯ ಕಡೆ ಮುಖ ತಿರುಗಿಸಿಕೊಂಡು ಹಸುಗಳನ್ನು ಬೈಯುತ್ತಾಳೆ. ಆಮೇಲೆ ಒಂದೇ ತಟ್ಟೆ ತರುತ್ತಾಳೆ, ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು.

ಮೊದಲ ದಿನ, "ನಂಗೆ ಬೇಡಕ್ಕ, ನಾನು ಬಿಟ್ಟಿದ್ದೀನಲ್ಲ" ಎಂದೆ.

"ಲೇ, ಕೂತ್ಕೊಳೇ. ನೀನು ಹೇಳೋದನ್ನ ಕೇಳಿದ್ದಾಯ್ತು. ಇನ್ಮೇಲೆ ನೀನು ತಿನ್ನೋದನ್ನ ನೋಡ್ತೀನಿ" ಎಂದಳು.

ಎದುರುಬದುರು ಕೂತು ತಿನ್ನುತ್ತೇವೆ. ನಾನು ಸೊಪ್ಪನ್ನು ಅವಳ ಕಡೆ ತಳ್ಳುತ್ತೇನೆ, ಅವಳು ನನ್ನ ಕಡೆ ತಳ್ಳುತ್ತಾಳೆ. ಏಳೂವರೆ ಬಸ್ಸು ಹಾರ್ನ್ ಹೊಡೆಯುವವರೆಗೂ ತಟ್ಟೆ ಖಾಲಿಯಾಗುವುದಿಲ್ಲ.