ಕಾಕಾನ ನಿದ್ದೆಯ ಪೇಟೆಂಟು

ಸತ್ತವರ ಅರ್ಜಿಗಳನ್ನು ಓದುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಗಾಬರಿಯಾಗಬೇಡಿ, ಇದರಲ್ಲಿ ಪ್ರೇತಗಳ ವ್ಯವಹಾರವೇನೂ ಇಲ್ಲ. ಪುಣೆಯ ವಿಮಾನ ನಗರದ ಗಾಜಿನ ಕಟ್ಟಡವೊಂದರಲ್ಲಿ ಪೇಟೆಂಟು ಕೊಡಿಸುವ ವಕೀಲರ ಕಚೇರಿಯಿದೆ. ಅಲ್ಲಿ ನಾನು ಹುಡುಕುವವನು. ಯಾರಾದರೂ ಕಣ್ಣರಳಿಸಿಕೊಂಡು ಬಂದು ‘ಹೊಸದೊಂದನ್ನು ಕಂಡುಹಿಡಿದಿದ್ದೇನೆ’ ಎಂದರೆ, ಅದು ಹೊಸದಲ್ಲ ಎಂದು ತೋರಿಸುವ ಹಳೆಯ ಕಾಗದ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಮದುವೆ ಮನೆಗೆ ಬಂದು ವರನ ಹಳೆಯ ಕಥೆ ಕೆದಕುವ ದೂರದ ಸಂಬಂಧಿಕ ಒಬ್ಬ ಇರುತ್ತಾನಲ್ಲ, ಅವನೇ ನಾನು. ವ್ಯತ್ಯಾಸವೆಂದರೆ ನನ್ನ ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿರುತ್ತದೆ.

ಈ ಕೆಲಸದಲ್ಲಿ ನನಗೆ ಅಂಟಿದ ಹುಚ್ಚೆಂದರೆ ಇಪ್ಪತ್ತನೆಯ ಶತಮಾನದ ಆರಂಭದ ಅರ್ಜಿಗಳು. ವಿಮಾನ, ರೇಡಿಯೋದಂಥ ದೊಡ್ಡ ಸಂಗತಿಗಳನ್ನು ಬಿಡಿ, ಅವಕ್ಕೆ ಚರಿತ್ರೆ ಬರೆಯುವವರಿದ್ದಾರೆ. ನಾನು ಹೇಳುತ್ತಿರುವುದು ಮನೆಯೊಳಗಿನ ಸಂಶೋಧನೆಗಳ ಮಾತು. ಚಹಾ ಕುಡಿಯುವಾಗ ಮೀಸೆ ತೋಯದಂತೆ ಕಪ್ಪಿನ ಅಂಚಿಗೆ ಸಿಕ್ಕಿಸುವ ತಡೆಗೋಡೆ. ಎದುರಿಗೆ ಯಾರಾದರೂ ಬಂದರೆ ಕೈ ಎತ್ತುವ ಶ್ರಮ ಕೊಡದೆ ತಾನೇ ಮೇಲೆದ್ದು ಮರ್ಯಾದೆ ಸಲ್ಲಿಸುವ ಟೋಪಿ. ಹೊತ್ತಿಗೆ ಸರಿಯಾಗಿ ಏಳದವನನ್ನು ನೆಲಕ್ಕೆ ಉರುಳಿಸುವ ಮಂಚ. ಈ ಚಿತ್ರಗಳನ್ನು ನೋಡಬೇಕು ನೀವು! ತಲೆಯ ಮೇಲೆ ಹಲ್ಲುಗಾಲಿ, ಸ್ಪ್ರಿಂಗು, ಸನ್ನೆಕೋಲು ಹೊತ್ತ ಮನುಷ್ಯ. ಅವನ ಮುಖದಲ್ಲಿ ಮಾತ್ರ ಬುದ್ಧನ ಶಾಂತಿ. ಮಂಚದಿಂದ ಉರುಳುತ್ತಿರುವವನೂ ಅಷ್ಟೇ, ಬೀಳುವುದು ತನ್ನ ನಿತ್ಯಕರ್ಮವೆಂಬಂತೆ ಬೀಳುತ್ತಿರುತ್ತಾನೆ.

ಭಾಷೆಯಂತೂ ಡಂಗುರ ಸಾರುವ ಧಾಟಿಯದು. ಆದರೆ ಒಂದಷ್ಟು ದಿನ ಓದಿದರೆ ಆ ಡಂಗುರದ ಹಿಂದೆ ಅಡುಗೆಮನೆಯ ಸದ್ದು ಕೇಳತೊಡಗುತ್ತದೆ. ಮೀಸೆಯ ತಡೆಗೋಡೆ ಕಟ್ಟಿದವನು ಲೋಕಕಲ್ಯಾಣಕ್ಕೆ ಕಟ್ಟಿದ್ದಲ್ಲ. ಅವನ ಒದ್ದೆ ಮೀಸೆಯ ಬಗ್ಗೆ ಅವನ ಹೆಂಡತಿ ಒಂದು ದಿನ ಏನೋ ಅಂದಿದ್ದಾಳೆ. ಉರುಳಿಸುವ ಮಂಚದವನ ಮನೆಯಲ್ಲಿ ಒಬ್ಬ ಸೋಮಾರಿ ಭಾವಮೈದುನ ಇದ್ದೇ ಇದ್ದ. ಅರ್ಜಿಯಲ್ಲಿ ಇದನ್ನೆಲ್ಲ ಬರೆದಿರುವುದಿಲ್ಲ, ಬರೆಯದ ಮಾತ್ರಕ್ಕೆ ಅದು ಮುಚ್ಚಿಹೋಗುವುದೂ ಇಲ್ಲ. ನನಗೋ ಯಾವುದನ್ನೂ ನನ್ನ ಸ್ವಂತ ದನಿಯಲ್ಲಿ ಓದಲು ಬಾರದ ರೋಗ. ಟೋಪಿಯ ಅರ್ಜಿಯನ್ನು ನಮ್ಮ ವಸತಿ ಸೊಸಾಯಟಿಯ ಚೇರಮನ್ನರ ದನಿಯಲ್ಲಿ ಓದುತ್ತೇನೆ, ಮಂಚದ ಅರ್ಜಿಯನ್ನು ನಮ್ಮ ಕಚೇರಿಯ ಯಜಮಾನಿ ಲೇಲೆ ಮೇಡಂ ದನಿಯಲ್ಲಿ. ಅಕ್ಕಪಕ್ಕದ ಮೇಜಿನವರು ನಗುತ್ತಾರೆ. ನಕ್ಕರೆ ನನಗೆ ಊಟ ಮಾಡಿದ ಹಾಗೆ.

ಈ ಊಟದ ಚಟವೇ ನನ್ನ ಕಾಕಾನ ಬುಡಕ್ಕೆ ಬಂತು.

ವಸಂತಕಾಕಾ ನಮ್ಮಪ್ಪನ ತಮ್ಮ. ಕೋಥರೂಡದಲ್ಲಿ ನಾವಿರುವ ಸೊಸಾಯಟಿಯಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ ಅವರ ಮನೆ. ಧಾರವಾಡದ ಕಡೆಯಿಂದ ಬಂದು ಇಲ್ಲಿನ ಕಾರಖಾನೆಯೊಂದರ ಟೂಲ್ ರೂಮಿನಲ್ಲಿ ಸೇರಿ, ನಿವೃತ್ತರಾಗುವವರೆಗೂ ಬೇರೆಯವರ ನಕ್ಷೆ ನೋಡಿ ಯಂತ್ರದ ಭಾಗಗಳನ್ನು ಮಾಡಿಕೊಟ್ಟವರು. ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಇರುತ್ತದಂತೆ: ಬರೆದವರು ಯಾರು, ತಪಾಸಣೆ ಮಾಡಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು. “ಮಾಡಿದಂವಾ ಯಾರು ಅಂತ ಒಂದ ಮನೀನೂ ಇಲ್ಲ ನೋಡ ಅದರಾಗ,” ಎಂದು ಕಾಕಾ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ನಗು ಮುಗಿದ ಮೇಲೂ ಅವರ ಬೆರಳು ಗಾಳಿಯಲ್ಲಿ ಆ ಇಲ್ಲದ ಚೌಕವನ್ನು ಎಳೆಯುತ್ತಿರುತ್ತಿತ್ತು.

ಇಂಥ ಕಾಕಾ ಹೋದ ವರ್ಷ ಒಂದು ಯಂತ್ರ ಮಾಡಿದರು. ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಎಂಬುದು ಗಡಿಯಾರಕ್ಕೆ ಸೇರಿದ್ದಲ್ಲ, ಧರ್ಮಕ್ಕೆ ಸೇರಿದ್ದು. ಆ ಹೊತ್ತಿನಲ್ಲಿ ಬೆಲ್ ಒತ್ತಬಾರದೆಂದು ಬಾಗಿಲಿಗೆ ಪಾಟಿ ತೂಗುಹಾಕುವುದು, ಅಂದರೆ ಬರೆದ ಫಲಕ ತೂಗುಹಾಕುವುದು, ಇಲ್ಲಿನವರ ಹಳೆಯ ವಿದ್ಯೆ. ಕಾಕಾ ಅದರಲ್ಲಿ ದೋಷ ಹುಡುಕಿದರು. “ನಿದ್ದಿ ಬಂದ ಮ್ಯಾಲ ಪಾಟಿ ಹಾಕ್ಲಿಕ್ಕೆ ಏಳಬೇಕು. ಎದ್ದರ ನಿದ್ದಿ ಹೋಗತದ. ನಿದ್ದಿ ಹೋದ ಮ್ಯಾಲ ಪಾಟಿ ಯಾಕ ಬೇಕೋ ಪಮ್ಯಾ?” ತರ್ಕಶಾಸ್ತ್ರಜ್ಞರು ಉತ್ತರ ಹೇಳಲಿ.

ಕಾಕಾನ ಉತ್ತರ ಹೀಗಿತ್ತು. ನಡುಮನೆಯಲ್ಲಿರುವ ಕಬ್ಬಿಣದ ಮಂಚದ ಒಂದು ಕಾಲಿನ ಕೆಳಗೆ ಸ್ಪ್ರಿಂಗು. ಮಲಗಿದರೆ ಕಾಲು ಎರಡು ಬೆರಳಿನಷ್ಟು ಕೆಳಗಿಳಿಯುತ್ತದೆ. ಗೋಡೆಯುದ್ದಕ್ಕೆ ರಾಟೆಗಳ ಮೇಲೆ ಹಾದುಹೋದ ದಾರ ಸಡಿಲಾಗುತ್ತದೆ. ಹೊರಬಾಗಿಲಲ್ಲಿ ‘ಮಾಲಕ ಝೋಪಲೇ ಆಹೇತ’, ಅಂದರೆ ಯಜಮಾನರು ಮಲಗಿದ್ದಾರೆ, ಎಂಬ ಪಾಟಿ ಮೇಲಿಂದ ಬಿದ್ದು ಬೆಲ್ಲಿನ ಗುಂಡಿಯನ್ನೇ ಮುಚ್ಚಿಬಿಡುತ್ತದೆ. ಎದ್ದರೆ ಪಾಟಿಯೂ ಏಳುತ್ತದೆ. ನನ್ನನ್ನು ಕೂಡಿಸಿಕೊಂಡು ಇದನ್ನೆಲ್ಲ ವಿವರಿಸಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: “ಪೇಟೆಂಟ ಅರ್ಜ್ಯಾಗರೆ ಮಾಡಿದಂವನ ಹೆಸರು ಬರೀತಾರಲ್ಲ?”

“ಮೊದಲ ಅದನ್ನ ಬರೀತಾರ ಕಾಕಾ,” ಎಂದೆ. ಅರ್ಜಿ ಬರೆಯುವ ಕೆಲಸ ನಾನೇ ವಹಿಸಿಕೊಂಡೆ. ವಹಿಸಿಕೊಂಡವನು ನಾಳೆ, ನಾಡಿದ್ದು ಎನ್ನುತ್ತ ಬಂದೆ.

ಅಷ್ಟರಲ್ಲಿ ಸೊಸಾಯಟಿಯ ಸ್ನೇಹಸಮ್ಮೇಲನ ಬಂತು. ರವಿವಾರ ಬೆಳಿಗ್ಗೆ, ಪಾರ್ಕಿಂಗಿನಲ್ಲಿ ಶಾಮಿಯಾನ, ಬಟಾಟೆವಡೆ, ಆಮೇಲೆ ನನ್ನ ಮಿಮಿಕ್ರಿ. ಚೇರಮನ್ನರನ್ನು ಮಾಡಿದೆ, ವಾಚ್‌ಮನ್‌ನನ್ನು ಮಾಡಿದೆ, ಚೇರಮನ್ನರ ಸ್ಕೂಟರನ್ನೂ ಮಾಡಿದೆ. ಸಾಲದೆಂದು ಕಾಕಾನನ್ನು ಮಾಡಿದೆ. ಬೆಂಚೇ ಮಂಚ, ಸ್ಟೀಲ್ ತಾಟೇ ಪಾಟಿ, ಶಾಮಿಯಾನದ ಹಗ್ಗವೇ ಹಗ್ಗ. ಕಾಕಾನ ಕೆಮ್ಮು, ತೊಡೆ ತಟ್ಟಿಕೊಂಡು “ಇಲ್ಲೆ ನೋಡ್ರೀ, ಇಲ್ಲೆ” ಎನ್ನುವ ಮಾತು, ಗೊರಕೆ. ಮಲಗಿದೆ, ತಾಟು ಬಿತ್ತು. ನಿದ್ದೆಯಲ್ಲಿ ಮಗ್ಗಲು ಬದಲಿಸಿದೆ, ತಾಟು ಎದ್ದಿತು. ಮತ್ತೆ ಹೊರಳಿದೆ, ಮತ್ತೆ ಬಿತ್ತು. ಕೊನೆಗೆ ನನ್ನ ಮೂಗಿನ ಮೇಲೇ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಮುಂದಿನ ಸಾಲಿನಲ್ಲಿದ್ದ ಕಾಕಾ. ಅವರು ಕಣ್ಣೀರು ಒರೆಸಿಕೊಂಡು ಪಕ್ಕದವರಿಗೆ “ನಮ್ಮ ಹುಡುಗ!” ಎಂದು ಹೇಳುತ್ತಿದ್ದುದು ವೇದಿಕೆಗೂ ಕೇಳಿಸಿತು. ಯಾರೋ ಎಲ್ಲವನ್ನೂ ಚಿತ್ರೀಕರಿಸಿ ಸೊಸಾಯಟಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯ ಹೊತ್ತಿಗೆ ಅದು ಇಡೀ ಕೋಥರೂಡ ಸುತ್ತಿ ಬಂದಿತ್ತು.

ಮರುದಿನ ಚಹಾದ ಹೊತ್ತಿನಲ್ಲಿ ಕಚೇರಿಯವರಿಗೂ ತೋರಿಸಿದೆ. ನನ್ನ ಮಹಿಮೆ ಅವರಿಗೂ ಗೊತ್ತಾಗಬೇಡವೇ? ಎಲ್ಲರೂ ನಕ್ಕರು. ಲೇಲೆ ಮೇಡಂ ನಗಲಿಲ್ಲ.

“ಹೇ ಖರಂಚ ಯಂತ್ರ ಆಹೇ ಕಾ?” ಎಂದರು. ಇದು ನಿಜವಾದ ಯಂತ್ರವೇ?

ಹೌದು, ನಮ್ಮ ಕಾಕಾನದು, ಎಂದೆ ಹೆಮ್ಮೆಯಿಂದ.

“ಅರ್ಜ ಕೇಲಾ ಕಾ?” ಅರ್ಜಿ ಹಾಕಿದ್ದಾಯಿತೇ?

ನನ್ನ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. ನಮ್ಮ ಕಸುಬಿನ ಮೊದಲ ಪಾಠವೇ ಅದು: ಅರ್ಜಿ ಹಾಕುವ ಮೊದಲು ಯಂತ್ರದ ಗುಟ್ಟು ಊರಿಗೆ ಗೊತ್ತಾದರೆ ಅದು ಹೊಸದಾಗಿ ಉಳಿಯುವುದಿಲ್ಲ, ಪೇಟೆಂಟೂ ಸಿಗುವುದಿಲ್ಲ. ಬಂದ ಪ್ರತಿಯೊಬ್ಬರಿಗೂ ಈ ಪಾಠ ಹೇಳುವವನು ನಾನೇ. ಅತ್ತೆಯ ಮುಂದೂ ಬಾಯಿ ಬಿಡಬೇಡಿ ಎನ್ನುತ್ತೇನೆ, ಅದೂ ಮೇಡಂ ದನಿಯಲ್ಲಿ! ಅಂಥ ನಾನು ಕಾಕಾನ ಗುಟ್ಟನ್ನು ಧ್ವನಿವರ್ಧಕ ಹಿಡಿದು, ತಾಟು ಬಾರಿಸಿ ಸಾರಿ ಬಂದಿದ್ದೆ.

“ಮೊದಲು ಇಂಥದ್ದು ಹಿಂದೆ ಯಾರಾದರೂ ಮಾಡಿದ್ದರೇ ಹುಡುಕು. ಅಳುವುದು ಆಮೇಲೆ,” ಎಂದರು ಮೇಡಂ ಮರಾಠಿಯಲ್ಲಿ.

ಎರಡು ದಿನ ಹುಡುಕಿದೆ. ಮೂರನೆಯ ದಿನ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದ್ದು. ಎಲ್ಲೋ ಚಳಿದೇಶದ ಪುಟ್ಟ ಊರಿನಲ್ಲಿ ಬಾಡಿಗೆ ಕೋಣೆಗಳ ವಸತಿಗೃಹ ನಡೆಸುತ್ತಿದ್ದವನದಿರಬೇಕು. ಹಾಸಿಗೆಯ ಕೆಳಗೆ ಸನ್ನೆಕೋಲು, ಗೋಡೆಯೊಳಗಿಂದ ದಾರ, ಬಾಗಿಲಾಚೆ ಬೀಳುವ ಫಲಕ. ಮಸಿ ಹರಡಿದ ಚಿತ್ರದಲ್ಲಿ ಮೀಸೆಯವನೊಬ್ಬ ಬೂಟು ಹಾಕಿಕೊಂಡೇ ಮಲಗಿದ್ದ. ನೋಡಿದ ತಕ್ಷಣ ನನಗಾದದ್ದು ದುಃಖವಲ್ಲ ಎಂಬುದನ್ನು ನಿಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಖುಷಿಯಾಯಿತು. ಕಾಕಾನ ಪೇಟೆಂಟು ನನ್ನ ಬಾಯಿಂದ ಸತ್ತದ್ದಲ್ಲ, ನಾನು ಹುಟ್ಟುವ ಎಷ್ಟೋ ಮೊದಲೇ ಸತ್ತಿತ್ತು! ಈ ಖುಷಿ ಬಸ್ಸಿನಲ್ಲಿ ಕೋಥರೂಡದವರೆಗೂ ಜೊತೆಗಿತ್ತು. ಕಾಕಾನ ಮನೆಯ ಮೆಟ್ಟಿಲು ಹತ್ತುವಾಗ ನೋಡುತ್ತೇನೆ, ಎಲ್ಲೋ ಇಳಿದುಹೋಗಿದೆ.

ಕಾಕು, ಅಂದರೆ ಕಾಕಾನ ಹೆಂಡತಿ, ಅವಲಕ್ಕಿ ತಂದಿಟ್ಟರು. ನಾನು ಎರಡನ್ನೂ ಹೇಳಿದೆ: ನನ್ನ ತಪ್ಪನ್ನೂ, ಮೀಸೆಯವನ ಕಾಗದವನ್ನೂ. ಕಾಕಾ ಅವಲಕ್ಕಿಯೊಳಗಿನ ಶೇಂಗಾ ಆರಿಸಿ ಬದಿಗೆ ಸಾಲಾಗಿ ಇಡತೊಡಗಿದರು.

ಕಾಕು ಅಂದರು: “ಅಂದ್ರ ಆಗಿನ ಕಾಲಕ್ಕೂ ಇಂಥಾವ್ರು ಇದ್ದರು ಅಂತಾತು. ಅವನ ಹೆಂಡತಿ ಹ್ಯಾಂಗ ಬಾಳ್ವೆ ಮಾಡಿದಳೋ, ಪಾಪ.”

ಕಾಕಾ ಚಾಳೀಸು ಮೂಗಿಗೇರಿಸಿಕೊಂಡು ಚಿತ್ರ ಬೇಡಿದರು. ನೋಡಿದರು, ನೋಡಿಯೇ ನೋಡಿದರು. ನಕ್ಷೆ ಓದುವವನ ಬೆರಳು ಸನ್ನೆಕೋಲಿನಿಂದ ದಾರಕ್ಕೆ, ದಾರದಿಂದ ಫಲಕಕ್ಕೆ ಹೋಯಿತು, ಮರಳಿ ಬಂತು.

“ಇಂವಾ ಮಗ್ಗಲಾ ಹೊಳ್ಳೋದೇ ಇಲ್ಲೇನೋ?”

“ಅಂದ್ರ?”

“ಮನಷ್ಯಾ ನಿದ್ದ್ಯಾಗ ಹೊಳ್ಳತಾನಲ್ಲ? ಹೊಳ್ಳಿದರ ಭಾರ ಸರೀತದ, ಪಾಟಿ ಮ್ಯಾಲೇಳತದ. ಇಂವಾ ಅದರ ವಿಚಾರನ ಮಾಡಿಲ್ಲ. ನಿನ್ನ ವಿಡಿಯೋ ತಗಿ.”

ಆ ವಿಡಿಯೋವನ್ನು ನಾವು ಮೂವರೂ ಕೂತು ನೋಡಿದ್ದನ್ನು ನೀವು ನೋಡಬೇಕಿತ್ತು. ಊರೆಲ್ಲ ನಕ್ಕ ನನ್ನ ಅಭಿನಯವನ್ನು ಕಾಕಾ ನ್ಯಾಯಾಧೀಶರ ಹಾಗೆ ನೋಡಿದರು. ಕಾಕು ಸಾಕ್ಷಿಯ ಹಾಗೆ, ನಾನು ಆರೋಪಿಯ ಹಾಗೆ. ನಾನು ಬೆಂಚಿನ ಮೇಲೆ ಹೊರಳಿದೆ, ತಾಟು ಎದ್ದಿತು. “ನಿಂದ್ರಸು!” ಎಂದರು ಕಾಕಾ. “ಇನ್ನೊಮ್ಮೆ ತೋರ್ಸು.” ಮತ್ತೆ ಹೊರಳಿದೆ, ಮತ್ತೆ ಎದ್ದಿತು. ಕಾಕಾನ ಮುಖ ನಿಧಾನಕ್ಕೆ ಅರಳಿತು.

“ಲೇ ಪಮ್ಯಾ, ನೀ ನನ್ನ ಮಷೀನ ತೋರಿಸೇ ಇಲ್ಲಲೇ! ಈ ಮೀಸಿಯವಂದು ತೋರಿಸಿ. ಬಾ ಇಲ್ಲೆ.”

ಮಂಚದ ಕೆಳಗೆ ನನ್ನ ತಲೆ ತೂರಿಸಿದರು. ಅಲ್ಲಿ ಸೈಕಲ್ಲಿಗೆ ಗಾಳಿ ಹಾಕುವ ಪಂಪೊಂದನ್ನು ತಲೆಕೆಳಗಾಗಿ ಕಟ್ಟಿ ದಾರಕ್ಕೆ ಜೋಡಿಸಿದ್ದರು. ಪಾಟಿ ಝಟ್ಟಂತ ಬೀಳುತ್ತದೆ; ಏಳಬೇಕಾದರೆ ಮಾತ್ರ ಪಂಪಿನೊಳಕ್ಕೆ ಸಣ್ಣ ತೂತಿನಿಂದ ಸಾವಕಾಶ ಗಾಳಿ ತುಂಬಬೇಕು. ಮಗ್ಗಲು ಬದಲಿಸುವ ಆ ಒಂದು ಗಳಿಗೆಯಲ್ಲಿ ಪಾಟಿ ಕದಲುವುದೇ ಇಲ್ಲ.

“ಇದನ್ನ ಯಾವಾಗ ಹಾಕಿದ್ರಿ?”

“ಮೊದಲಿಂದ್ಲೂ ಅದ. ಅರ್ಧಾ ತಾಸು ಕೂತು ಹೇಳಿದ್ನೆಲ್ಲೋ ನಿನಗ!”

ಹೇಳಿದ್ದರು. ಆ ಅರ್ಧ ತಾಸೂ ನಾನು, ‘ಝಟ್ಟಂತ’ ಎನ್ನುವ ಮೊದಲು ಅವರ ಎಡಹುಬ್ಬು ಹೇಗೆ ಮೇಲೇರುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದೆ. ನನ್ನ ಜೀವಮಾನದ ಶ್ರೇಷ್ಠ ಅಣಕ ಎಂದುಕೊಂಡಿದ್ದೆನಲ್ಲ, ಅದರಲ್ಲಿ ಕಾಕಾನದೆನ್ನುವುದು ಕೆಮ್ಮೊಂದೇ. ಉಳಿದದ್ದೆಲ್ಲ ನಾನು ಹೆಸರೂ ಕೇಳದ ಪರದೇಶದ ವಸತಿಗೃಹದವನದು. ಕಾಕಾನ ಗುಟ್ಟು ಉಳಿದುಕೊಂಡದ್ದು ನನ್ನ ಕಲೆ ಕೆಟ್ಟದ್ದಾಗಿದ್ದರಿಂದ. ಈ ಮಾತನ್ನು ಬರೆಯುವಾಗ ಈಗಲೂ ಸ್ವಲ್ಪ ನೋಯುತ್ತದೆ.

ಲೇಲೆ ಮೇಡಂ ವಿಡಿಯೋವನ್ನು ಇನ್ನೊಮ್ಮೆ ನೋಡಿದರು, ಈ ಸಲ ಟಿಪ್ಪಣಿ ಪುಸ್ತಕ ಹಿಡಿದು. ‘ಪಂಪು: ಎಲ್ಲೂ ಕಾಣುವುದಿಲ್ಲ’ ಎಂದು ಬರೆದುಕೊಂಡರು. ಹೊರಳುವವನಿಗಾಗಿ ಮಾಡಿದ ಸುಧಾರಣೆ ಎಂದು ಅರ್ಜಿ ಹಾಕೋಣ, ಮುಂದಿನದು ಪರೀಕ್ಷಕರಿಗೆ ಬಿಟ್ಟದ್ದು, ಎಂದರು. ತಾಟು ನನ್ನ ಮೂಗಿನ ಮೇಲೆ ಬಿದ್ದಾಗ, ಕೊನೆಗೂ, ನಕ್ಕರು.

ಆ ವಾರವೇ ಅರ್ಜಿ ಹೋಯಿತು. ಕಾಕಾ ಮೊದಲು ಹಳೆಯ ಕ್ಯಾಲೆಂಡರಿನ ಹಿಂದೆ ನಾಲ್ಕು ಸಲ ಸಹಿ ಮಾಡಿ ನೋಡಿಕೊಂಡು ಆಮೇಲೆ ಅರ್ಜಿಗೆ ಮಾಡಿದರು. ಸಂಶೋಧಕನ ಹೆಸರಿನ ಜಾಗದಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಬಂದಿವೆಯೋ ಇಲ್ಲವೋ ಎಂದು ಬೆರಳಿಟ್ಟು ಓದಿದರು. ಉತ್ತರ ಇನ್ನೂ ಬಂದಿಲ್ಲ. ಬರಲು ವರ್ಷಗಳೇ ಹಿಡಿಯಬಹುದು, ‘ಇಲ್ಲ’ ಎಂದೂ ಬರಬಹುದು. ಇದನ್ನು ಅವರಿಗೆ ನನ್ನದೇ ದನಿಯಲ್ಲಿ ಹೇಳಿದ್ದೇನೆ.

ಆದರೆ ಮೊನ್ನೆ ಕಾಕು ಒಂದು ಗುಟ್ಟು ಬಿಟ್ಟುಕೊಟ್ಟರು. ಅರ್ಜಿ ಹಾಕಿದಂದಿನಿಂದ ಕಾಕಾ ಮಧ್ಯಾಹ್ನ ಮಲಗುತ್ತಾರೆ, ನಿದ್ದೆ ಮಾತ್ರ ಮಾಡುವುದಿಲ್ಲ. ಪಾಟಿ ಬಿದ್ದ ಸಪ್ಪಳ ಕೇಳಿದ ಮೇಲೆ ಕಣ್ಣು ತೆರೆದುಕೊಂಡೇ ಇರುತ್ತಾರೆ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಬಾಗಿಲೆದುರು ನಿಂತರೆ ಸಾಕು, “ಸುಮ್ಮನಿರು, ಓದ್ಲಿಕ್ಕತ್ತಾರ” ಎಂದು ಪಿಸುಗುಟ್ಟಿ ಉಸಿರು ಬಿಗಿಹಿಡಿಯುತ್ತಾರಂತೆ.

ಹೋದ ರವಿವಾರ ಮಧ್ಯಾಹ್ನ ಎರಡಕ್ಕೆ ನಾನು ಮೆಟ್ಟಿಲು ಹತ್ತಿ ಹೋಗಿ ಆ ಬಾಗಿಲೆದುರು ನಿಂತೆ. ಚೇರಮನ್ನರ ದನಿಯಲ್ಲಿ, ಗಂಟಲು ಸರಿಮಾಡಿಕೊಂಡು, ಪಾಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. “ವಾಹ್, ಕಾಯ ಡೋಕಂ ಆಹೇ,” ಎಂಥ ತಲೆ, ಎಂದೂ ಸೇರಿಸಿದೆ. ನಾಲ್ಕು ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಕೊರಿಯರ್‌ನವನ ದನಿಯಲ್ಲಿ ಓದಿದೆ. ಒಳಗೆ ಮಂಚ ಕಿರ್ರೆಂದಿತು. ಪಾಟಿ ಒಂದಿಷ್ಟೂ ಅಲುಗಲಿಲ್ಲ. ಪಂಪು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಬಾಗಿಲ ಹಿಂದಿನಿಂದ ಕಾಕಾನ ದನಿ ಬಂತು:

“ಕೊರಿಯರ್‌ನಂವಾ ರವಿವಾರ ಬರಂಗಿಲ್ಲೋ ಪಮ್ಯಾ. ಚೇರಮನ್ನರದೇ ಇನ್ನೊಮ್ಮೆ ಓದು.”