ಕಿವಿಗೆ ಹಾಕಿದ ಮಾತು

ಅಮೆರಿಕದ ಗೈದರ್ಸ್‌ಬರ್ಗಿನ ಗುರುದತ್ತರಿಗೆ ಅಸಹ್ಯವಾಗದ ವಸ್ತು ಈ ಭೂಮಿಯ ಮೇಲೆ ಕಡಿಮೆ. ಪಾರ್ಟಿಯಲ್ಲಿ ಹತ್ತು ಜನ ಕೈ ಹಾಕಿದ ಚಿಪ್ಸ್ ಬಟ್ಟಲು, ತಾವು ಕಚ್ಚಿದ್ದನ್ನೇ ‘ರುಚಿ ನೋಡಿ’ ಎಂದು ಚಾಚುವ ಸ್ನೇಹಿತರು, ಚೊಂಬಿಲ್ಲದ ಬಚ್ಚಲು, ನಾಯಿಯ ಮೂತಿಗೆ ಮುತ್ತಿಡುವ ಪಕ್ಕದ ಮನೆಯಾಕೆ, ಒಂದೊಂದಕ್ಕೂ ಅವರ ಮೂಗು ಒಂದೊಂದು ರೀತಿ ಸೊಟ್ಟಗಾಗುತ್ತಿತ್ತು. ಮೈಸೂರು ಬಿಟ್ಟು ಇಪ್ಪತ್ತಾರು ವರ್ಷವಾಗಿದ್ದರೂ ನೀರನ್ನು ಎತ್ತಿಯೇ ಕುಡಿಯುತ್ತಿದ್ದರು. ಹೊರಗಿನಿಂದ ಬಂದರೆ ಮೊದಲು ಬಾಯಿ ಮುಕ್ಕಳಿಸಬೇಕು, ಹೆಂಡತಿ ವಸಂತಾಳ ಜೊತೆ ಮಾತು ಆಮೇಲೆ. ಸರ್ಕಾರಿ ಪ್ರಯೋಗಾಲಯದಲ್ಲಿ ಅವರ ಕೆಲಸವೂ ಅಂಥದ್ದೇ. ನೀರಿನಲ್ಲಿ ಯಾವ ಕೊಳೆ ಎಷ್ಟು ಬೆರೆತಿದೆ ಎಂದು ಅಳೆದು ಬರೆಯಬೇಕು. ಕೊಳೆ ಹುಡುಕುವುದಕ್ಕೇ ಸಂಬಳ ಕೊಡುವ ನೌಕರಿ ಸಿಕ್ಕಿದ್ದು ಅವರ ಪುಣ್ಯ.

ಈ ಗುಣದಿಂದಲೇ ಅವರಿಗೆ ಕನ್ನಡದವರ ನಡುವೆ ಒಂದು ದೊಡ್ಡಸ್ತಿಕೆ ಬಂದಿತ್ತು. ಯಾರ ಮನೆಯ ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದರೂ ಕಾಲೇಜು ನೋಡಲು ಗುರುದತ್ ಅಂಕಲ್ ಜೊತೆಯಲ್ಲಿ ಹೋಗಬೇಕು. ಅಪ್ಪ ಅಮ್ಮಂದಿರು ಹೋದರೆ ಹುಲ್ಲುಹಾಸು ನೋಡಿ ಮರುಳಾಗಿ ಬರುತ್ತಾರೆ. ಗುರುದತ್ತರು ಬಚ್ಚಲಿನ ಬಾಗಿಲ ಹಿಂದೆ ನೋಡುತ್ತಾರೆ. ಲೈಬ್ರರಿಯ ಪುಸ್ತಕದ ಮೇಲೆ ಬೆರಳು ಎಳೆದು ಧೂಳು ನೋಡುತ್ತಾರೆ. ನೋಡಿದ್ದನ್ನೆಲ್ಲ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ದುಂಡಗಿನ ಕನ್ನಡದಲ್ಲಿ ಬರೆಯುತ್ತಾರೆ. ವಾಪಸು ಬಂದ ಮೇಲೆ ಆ ಮನೆಯವರು ಫಿಲ್ಟರ್ ಕಾಫಿ ಹಾಕಿಕೊಟ್ಟು ಸುತ್ತ ಕೂರುತ್ತಾರೆ, ಅವರು ಗಂಟಲು ಸರಿಮಾಡಿಕೊಂಡು ಓದುತ್ತಾರೆ. ಹತ್ತೊಂಬತ್ತು ಮಕ್ಕಳ ಭವಿಷ್ಯ ಹೀಗೆ ಕಾಫಿಯ ಜೊತೆ ತೀರ್ಮಾನವಾಗಿತ್ತು. ಆ ಕಾಫಿ ಅವರಿಗೆ ಬಲು ಇಷ್ಟ. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಇಪ್ಪತ್ತನೆಯವಳು ಸುರಕ್ಷಾ, ಮಂಗಳೂರಿನ ಶಾಂತಾರಾಮ ಮತ್ತು ಚಂದ್ರಾವತಿಯ ಒಬ್ಬಳೇ ಮಗಳು. ತೊಂಬತ್ತಾರರ ಅಕ್ಟೋಬರಿನಲ್ಲಿ ಶಾಂತಾರಾಮರು ಗುರುದತ್ತರನ್ನು ತಮ್ಮ ಗರಾಜಿಗೆ ಕರೆದುಕೊಂಡು ಹೋಗಿ, ಮನೆಯ ಕಡೆಯ ಬಾಗಿಲು ಮುಚ್ಚಿ, ದನಿ ತಗ್ಗಿಸಿದರು.

“ನಾರ್ತ್ ಕ್ಯಾರೊಲಿನಾದಲ್ಲಿ ಒಂದು ಸಣ್ಣ ಕಾಲೇಜು ಉಂಟಂತೆ. ಮ್ಯೂಸಿಕಲ್ ಥಿಯೇಟರ್ ಅಂತೆ. ಹಾಡುವುದು, ಕುಣಿಯುವುದು, ಅದಕ್ಕೊಂದು ಡಿಗ್ರಿ! ನಾನು ಬೇಡ ಅಂದ್ರೆ ಇವಳು ಊಟ ಬಿಡ್ತಾಳೆ ಮಾರಾಯ್ರೆ. ಅಲ್ಲಿಯವರೇ ಬೇಡ ಅಂದ್ರೆ ತಾನಾಗಿ ಸುಮ್ಮನಾಗ್ತಾಳೆ. ನೀವು ಅವರ ಕಿವಿಗೆ ಒಂದು ಮಾತು ಹಾಕಿ ಬನ್ನಿ. ಮನೆಯವರಿಗೆ ಮನಸ್ಸಿಲ್ಲ, ಮೆಡಿಸಿನ್ ಅಂತ ತೀರ್ಮಾನ ಆಗಿದೆ ಅಂತ. ಚಂದ್ರಾವತಿಗೆ ಗೊತ್ತಾಗುವುದು ಬೇಡ.”

“ಛೆ ಛೆ, ಅದೆಲ್ಲ ನನ್ನ ಕೈಲಾಗಲ್ಲ ಶಾಂತಾರಾಮ್. ನಾನು ನೋಡಿದ್ದನ್ನ ಬರೀತೀನಿ, ಅಷ್ಟೇ,” ಎಂದರು ಗುರುದತ್ತರು. ಆದರೆ ಹೋಗುವುದಿಲ್ಲ ಎನ್ನಲಿಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೆ ಗುರುದತ್ತರ ಕ್ಯಾಮ್ರಿ ಕಾರು ಹೊರಟಿತು. ಚಂದ್ರಾವತಿಗೆ ಫಾರ್ಮಸಿಯಲ್ಲಿ ಡ್ಯೂಟಿ. ಮಗಳ ತಲೆ ಸವರಿ, “ಇವಳನ್ನ ನಿಮ್ಮ ಕೈಗೆ ಕೊಟ್ಟಿದ್ದೇನೆ” ಎಂದು ಹೇಳಿ ಕಳಿಸಿದರು. ಸುರಕ್ಷಾ ಮುಂದಿನ ಸೀಟಿನಲ್ಲಿ ಹಾಡಿನ ಹಾಳೆಗಳ ಫೈಲನ್ನು ಎದೆಗೆ ಅವುಚಿಕೊಂಡು ಕೂತಳು. ರಿಚ್ಮಂಡ್ ದಾಟುವಾಗ ಬೆಳಕಾಯಿತು.

“ಅಂಕಲ್, ನಾನೇ ಅಮ್ಮಂಗೆ ಹೇಳ್ದೆ, ಗುರುದತ್ ಅಂಕಲ್ ಬರ್ಲಿ ಅಂತ. ಬಿಕಾಸ್ ನೀವು ಲೈ ಮಾಡಲ್ಲ. ಅಪ್ಪ ಪ್ರಾಮಿಸ್ ಮಾಡಿದಾರೆ, ನಿಮ್ಮ ನೋಟ್‌ಬುಕ್‌ನಲ್ಲಿ ಗುಡ್ ಅಂತ ಇದ್ರೆ ನಾನು ಅಪ್ಲೈ ಮಾಡ್ಬಹುದು.”

ಗುರುದತ್ತರು ಕನ್ನಡಿ ಸರಿಮಾಡುವ ನೆವದಲ್ಲಿ ಮುಖ ತಿರುಗಿಸಿದರು. ಹತ್ತು ವರ್ಷದ ಹಿಂದೆ ಗಣೇಶನ ಹಬ್ಬದಲ್ಲಿ ಈ ಹುಡುಗಿಗೆ ಮೈಕು ಎಟುಕದಿದ್ದಾಗ ಹಾಲಿನ ಕ್ರೇಟು ತಂದು ಬೋರಲು ಹಾಕಿ, ಅದರ ಮೇಲೆ ಎತ್ತಿ ನಿಲ್ಲಿಸಿದವರು ಇವರೇ. “ನೋಡೋಣಮ್ಮ,” ಎಂದರು.

ಕಾಲೇಜು ನೋಡಿದ ಮೊದಲ ಗಳಿಗೆಯಿಂದಲೇ ಅವರ ಮೂಗು ಕೆಲಸಕ್ಕೆ ಇಳಿಯಿತು. ಚ್ಯೂಯಿಂಗ್ ಗಮ್ ಅಗಿಯುತ್ತ ಹಿಂದುಹಿಂದಕ್ಕೆ ನಡೆಯುತ್ತ ಕಾಲೇಜೆಲ್ಲ ತೋರಿಸುವ ಹುಡುಗ, ಮಾತಿನ ನಡುವೆ ಗಮ್ ತೆಗೆದು ಬೆರಳಿಗೆ ಸುತ್ತಿಕೊಂಡು ಮತ್ತೆ ಬಾಯಿಗೆ ಹಾಕಿಕೊಂಡ. ಊಟದ ಕೋಣೆಯಲ್ಲಿ ಹಂದಿಮಾಂಸಕ್ಕೂ ಸೊಪ್ಪಿಗೂ ಒಂದೇ ಇಕ್ಕಳ. ನಾಟಕದ ವಿಭಾಗವಂತೂ ಹಳೆಯ ಜಿಮ್ನಾಸಿಯಂ ಕಟ್ಟಡ. ಬೆವರು, ಹೇರ್ ಸ್ಪ್ರೇ, ಒದ್ದೆ ಕಾರ್ಪೆಟ್ಟು ಮೂರೂ ಸೇರಿದ ನಾತ ಬಾಗಿಲಲ್ಲೇ ಎದುರುಗೊಂಡಿತು. ಬಚ್ಚಲಿನ ಬಗ್ಗೆ ಅವರು ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೇ ಪದ: ‘ಥೂ’.

ಆ ಹುಡುಗ ಅವರನ್ನು ಶನಿವಾರವೂ ನಡೆಯುತ್ತಿದ್ದ ಧ್ವನಿಯ ಕ್ಲಾಸಿಗೆ ಕರೆದುಕೊಂಡು ಹೋದ. ಹದಿನೈದು ಹುಡುಗ ಹುಡುಗಿಯರು, ಎಲ್ಲರೂ ಬೂಟು ಹಾಕಿ ತುಳಿದ ಅದೇ ಕಾರ್ಪೆಟ್ಟಿನ ಮೇಲೆ ಅಂಗಾತ ಬಿದ್ದುಕೊಂಡು ನರಳುತ್ತಿದ್ದರು. ಉಸಿರಿನ ಅಭ್ಯಾಸವಂತೆ. ಒಬ್ಬಳ ಹೊಟ್ಟೆಯ ಮೇಲೆ ಒಬ್ಬನ ತಲೆ, ಅವನ ಹೊಟ್ಟೆಯ ಮೇಲೆ ಇನ್ನೊಬ್ಬಳ ತಲೆ. ಆಮೇಲೆ ಎದ್ದು ದುಂಡಗೆ ನಿಂತು ತುಟಿ ಅದುರಿಸಿ ‘ಬ್ರ್ರ್ರ್’ ಎಂದು ದನಿ ಏರಿಸತೊಡಗಿದರು. ಕಿಟಕಿಯ ಬಿಸಿಲಿನಲ್ಲಿ ಉಗುಳಿನ ಹನಿಗಳು ಹಾರುವುದು ಗುರುದತ್ತರಿಗೆ ಚೆನ್ನಾಗಿ ಕಂಡಿತು. ಕೊಳೆ ಅಳೆಯುವವರ ಕಣ್ಣು, ಕಾಣದೆ ಇರುತ್ತದೆಯೇ? ಅವರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತರು. ಸುರಕ್ಷಾ ಮಾತ್ರ ಚಪ್ಪಲಿ ಕಳಚಿ ಆ ವೃತ್ತದೊಳಕ್ಕೆ ಹೋಗಿ ನಿಂತೇಬಿಟ್ಟಳು, ತನ್ನ ಮನೆಗೆ ಬಂದವಳ ಹಾಗೆ.

ಪಾಠ ಮಾಡುತ್ತಿದ್ದವಳು ವಿಭಾಗದ ಮುಖ್ಯಸ್ಥೆ. ಅರುವತ್ತರ ಹೆಂಗಸು, ಬರಿಗಾಲು, ಜುಟ್ಟಿಗೆ ಸಿಕ್ಕಿಸಿದ ಪೆನ್ಸಿಲು. ವಿದ್ಯಾರ್ಥಿಗಳು ಅವಳನ್ನು ಡೋರಿಸ್, ಡೋರಿಸ್ ಎಂದು ಹೆಸರು ಹಿಡಿದು ಕೂಗುತ್ತಿದ್ದರು. ಗುರುದತ್ತರು ಅದನ್ನೂ ಬರೆದುಕೊಂಡರು. ಡೋರಿಸ್ ಪಿಯಾನೋ ಕಡೆ ಕೈ ತೋರಿಸಿ ಸುರಕ್ಷಾಳಿಗೆ, “ಏನಾದರೂ ಹಾಡುತ್ತೀಯಾ?” ಎಂದು ಕೇಳಿದಳು.

ಸುರಕ್ಷಾ ಹಾಡಿದಳು. ಯಾವುದೋ ಹಳೆಯ ಇಂಗ್ಲಿಷ್ ನಾಟಕದ ಹಾಡು. ಗುರುದತ್ತರಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆದರೆ ಎರಡನೆಯ ಸಾಲಿಗೆ ಅವರ ಕರವಸ್ತ್ರ ಮೂಗಿನಿಂದ ಕೆಳಗಿಳಿದಿತ್ತು. ಹುಡುಗಿ ಕಿರುಚುತ್ತಿರಲಿಲ್ಲ, ಕುಣಿಯುತ್ತಲೂ ಇರಲಿಲ್ಲ. ಕೋಣೆಯ ಕೊನೆಯಲ್ಲಿ ನಿಂತ ಇವರೊಬ್ಬರಿಗೇ ಏನೋ ಹೇಳುತ್ತಿರುವ ಹಾಗೆ ಹಾಡುತ್ತಿದ್ದಳು. ಗುರುದತ್ತರ ಪೆನ್ನು ಹಾಳೆಯ ಮೇಲೆ ಇದ್ದಲ್ಲೇ ಇತ್ತು. ಹತ್ತೊಂಬತ್ತು ಕಾಲೇಜುಗಳಲ್ಲಿ ಹೀಗೆ ಆಗಿರಲಿಲ್ಲ.

ಅಲ್ಲಿಗೆ ನಿಂತಿದ್ದರೆ ಎಲ್ಲವೂ ಚೆನ್ನಾಗಿರುತ್ತಿತ್ತು. ಹಾಡು ಮುಗಿದದ್ದೇ ಬನಿಯನ್ ತೊಟ್ಟಿದ್ದ ಒಬ್ಬ ಹುಡುಗ ಓಡಿಬಂದು, ಬೆವರಿನ ಮೈಯಲ್ಲೇ ಅವಳನ್ನು ತಬ್ಬಿಕೊಂಡ. ತಾನು ಕಚ್ಚಿ ಕುಡಿಯುತ್ತಿದ್ದ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟ. ಸುರಕ್ಷಾ ಅದನ್ನು ಒರೆಸಲೂ ಇಲ್ಲ. ಬಾಯಿಗೆ ಹಚ್ಚಿ ಗಟಗಟನೆ ಕುಡಿದಳು.

ಗುರುದತ್ತರು ಕರವಸ್ತ್ರವನ್ನು ಮತ್ತೆ ಮೂಗಿಗೆ ಒತ್ತಿಕೊಂಡರು. ಕಂಡವರ ಎಂಜಲು! ಚಂದ್ರಾವತಿ ಕೈಗೆ ಕೊಟ್ಟು ಕಳಿಸಿದ ಹುಡುಗಿ, ಹೆಸರು ಗೊತ್ತಿಲ್ಲದವನ ಎಂಜಲು ಕುಡಿಯುತ್ತಿದ್ದಾಳೆ! ಒಂದು ಗಳಿಗೆಯ ಹಿಂದೆ ಕೇಳಿದ ಹಾಡು ತಲೆಯಿಂದ ಹೊರಟೇಹೋಯಿತು. ಬಾಟಲಿಯ ಬಾಯಿ ಮಾತ್ರ ಕಣ್ಣಿಗೆ ಅಂಟಿಕೊಂಡಿತು. ಅದೇ ರಭಸದಲ್ಲಿ ಅವರು ಡೋರಿಸಳ ಹಿಂದೆಯೇ ಅವಳ ಆಫೀಸಿಗೆ ನಡೆದು ಬಾಗಿಲು ಮುಚ್ಚಿದರು.

ಅಲ್ಲಿ ಇನ್ನೊಂದು ಗ್ರಹಚಾರ. ಅವಳು ಮೇಜಿನ ಮೇಲೆ ಬೇಯಿಸಿದ ಮೊಟ್ಟೆ ಸುಲಿದು ತಿನ್ನುತ್ತಿದ್ದಳು. ಗುರುದತ್ತರು ಉಸಿರು ಬಿಗಿಹಿಡಿದು ಹೇಳಿದರು: ಹುಡುಗಿಯ ಮನೆಯವರಿಗೆ ಇದರಲ್ಲಿ ಮನಸ್ಸಿಲ್ಲ. ಮೆಡಿಸಿನ್ ಎಂದು ತೀರ್ಮಾನವಾಗಿದೆ. ಅವಳಿಗೂ ಇದು ನಾಲ್ಕು ದಿನದ ಹುಚ್ಚು. ನೀವೇ ಉಪಾಯವಾಗಿ ಬೇಡವೆಂದುಬಿಟ್ಟರೆ ಎಲ್ಲರಿಗೂ ಒಳ್ಳೆಯದು. ನಾನು ಹೇಳಿದೆನೆಂದು ದಯವಿಟ್ಟು ಅವಳಿಗೆ ತಿಳಿಸಬೇಡಿ.

ಹೀಗೆ ಕಿವಿಗೆ ಮಾತು ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಗಂಡು ಹೆಣ್ಣಿನ ಸಂಬಂಧ, ನೌಕರಿ, ಬಾಡಿಗೆ ಮನೆ, ಎಷ್ಟೋ ವಿಷಯಗಳು ಹೀಗೇ ಮುರಿಯುತ್ತವೆ, ಮುರಿದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಕೇಳಿಸಿಕೊಂಡವರು ತಲೆಯಾಡಿಸುತ್ತಾರೆ, ಮಾತು ಅವರ ಕಿವಿಯಲ್ಲೇ ಉಳಿಯುತ್ತದೆ, ಕೆಲಸ ಆಗುತ್ತದೆ. ಡೋರಿಸಳಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಅವಳು ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು, ಬಾಗಿಲು ತೆರೆದಳು, “ಸುರಕ್ಷಾ, ಒಳಗೆ ಬಾ” ಎಂದು ಕರೆದಳು.

“ನಿನ್ನ ಬಗ್ಗೆ ನೀನಿಲ್ಲದಾಗ ಮಾತಾಡುವುದು ನನಗೆ ಸರಿಬರುವುದಿಲ್ಲ,” ಎಂದು ಶುರುಮಾಡಿ, ಗುರುದತ್ತರು ಹೇಳಿದ್ದನ್ನೆಲ್ಲ ಅವರೆದುರೇ ಒಂದಕ್ಷರ ಬಿಡದೆ ಒಪ್ಪಿಸಿದಳು. ಕೊನೆಗೆ, “ಇದು ನಿಜವೇ?” ಎಂದು ಕೇಳಿದಳು.

ಗುರುದತ್ತರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸುರಕ್ಷಾ ಅವರನ್ನು ನೋಡಿದಳು. ಅವಳ ಮೂಗಿನ ಪಕ್ಕದಲ್ಲಿ ಒಂದು ಸಣ್ಣ ಸುಕ್ಕು ಮೂಡಿತು. ಆ ಸುಕ್ಕು ಅವರಿಗೆ ಚೆನ್ನಾಗಿ ಗೊತ್ತು. ಐವತ್ತು ವರ್ಷ ಅವರೇ ಇನ್ನೊಬ್ಬರಿಗೆ ತೋರಿಸುತ್ತ ಬಂದದ್ದು.

“ನಿಜ ಅಲ್ಲ,” ಎಂದಳು ಅವಳು ಇಂಗ್ಲಿಷಿನಲ್ಲಿ, ಡೋರಿಸ್ ಕಡೆ ತಿರುಗಿ. “ಇವರು ನಮ್ಮ ಮನೆಯವರೂ ಅಲ್ಲ. ಕಾರು ಓಡಿಸಿಕೊಂಡು ಬಂದವರು.”

ಡೋರಿಸ್ ಅರ್ಜಿಯ ಫಾರಂ ಕೊಟ್ಟಳು. ಅಪ್ಪನೋ ಅಮ್ಮನೋ ಸಹಿ ಹಾಕಬೇಕು ಎಂದಳು. ಎರಡು ಗಂಟೆಗೆ ಅಲ್ಲಿಂದ ಹೊರಟರು. ಸುರಕ್ಷಾ ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು, ಟ್ಯಾಕ್ಸಿಯಲ್ಲಿ ಕೂತ ಹಾಗೆ. ಮುಂದಿನ ಸೀಟು ನೂರೈವತ್ತು ಮೈಲಿ ಖಾಲಿ ಇತ್ತು.

ವರ್ಜೀನಿಯಾದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದರು. ಗುರುದತ್ತರು ಮರದ ಬೆಂಚಿನ ಮೇಲೆ ವಸಂತಾ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ಬಿಚ್ಚಿ, “ತಿನ್ನಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎಂದರು.

“ಬೇಡ. ನಿಮ್ಮ ನೋಟ್‌ಬುಕ್ ಓದಿ. ನಂಗೆ ಕನ್ನಡ ಓದಕ್ಕೆ ಬರಲ್ಲ.”

ಓದಿದರು. ಗಮ್, ಇಕ್ಕಳ, ಕಾರ್ಪೆಟ್ಟು, ‘ಥೂ’, ಉಗುಳು, ಹೆಸರು ಹಿಡಿದು ಕೂಗುವುದು. ಓದುತ್ತ ಹೋದಂತೆ ಅವರ ದನಿ ಇಳಿಯಿತು.

“ನನ್ನ ಸಾಂಗ್?”

“ಅದು… ಬರೆದಿಲ್ಲ.”

“ಹೇಗಿತ್ತು?”

“ಚೆನ್ನಾಗಿತ್ತು ಸುರಕ್ಷಾ. ತುಂಬ ಚೆನ್ನಾಗಿತ್ತು.”

“ಹಾಗಾದ್ರೆ ಬರೀರಿ. ಆಮೇಲೆ ನೀವು ಆಫೀಸಲ್ಲಿ ಏನು ಹೇಳಿದ್ರಿ, ಅದೂ ಬರೀರಿ. ನೋಡಿದ್ದೆಲ್ಲ ಬರೀತೀರಲ್ಲ? ಹಾಗೆ ಹೇಳಿ ಅಂತ ಯಾರು ಹೇಳಿದ್ರು, ಅದೂ.”

ಮೆಡಿಸಿನ್ ಎನ್ನುವುದು ಅಪ್ಪನ ಮಾತೆಂದು ಅವಳಿಗೆ ಗೊತ್ತಾಗಿತ್ತು. ದಡ್ಡಿಯಲ್ಲ. ಗುರುದತ್ತರು ಪೆನ್ನು ತೆಗೆದರು. ಹಾಡಿನ ಸಾಲು ಸರಾಗವಾಗಿ ಬಂತು. ಎರಡನೆಯದಕ್ಕೆ ಕೈ ಏಳಲಿಲ್ಲ. ಅವರಿಗೆ ಆಗ ಹೇಸಿಗೆ ಹುಟ್ಟಿದ್ದು ತಮ್ಮ ಬಾಯಿಯ ಮೇಲೇ. ಶಾಂತಾರಾಮ ಗರಾಜಿನಲ್ಲಿ ಅಗಿದು ಕೊಟ್ಟ ಮಾತನ್ನು ಇನ್ನೂರೈವತ್ತು ಮೈಲಿ ಬಾಯಲ್ಲಿಟ್ಟುಕೊಂಡು ಹೋಗಿ, ಹಾಗೇ ಉಗುಳಿ ಬಂದಿದ್ದರು. ಹುಡುಗಿ ಕುಡಿದದ್ದು ಬಾಯಾರಿದಾಗ ಯಾರೋ ಪ್ರೀತಿಯಿಂದ ಕೊಟ್ಟ ನೀರು. ತಾವು ಮಾಡಿದ್ದು ಅದಕ್ಕಿಂತ ಎಷ್ಟೋ ಕೊಳಕು. ಬರೆದರು. ಅವಳು ಹೇಳಿದಂತೆ ಗಟ್ಟಿಯಾಗಿ ಓದಿಯೂ ಹೇಳಿದರು. ಪಕ್ಕದ ಬೆಂಚಿನ ವಯಸ್ಸಾದ ದಂಪತಿ ತಿರುಗಿ ನೋಡಿದರು.

ಏಳೂವರೆಗೆ ಗೈದರ್ಸ್‌ಬರ್ಗ್ ತಲುಪಿದಾಗ ಶಾಂತಾರಾಮರು ಡ್ರೈವ್‌ವೇಯಲ್ಲೇ ಕಾಯುತ್ತಿದ್ದರು. ಕಾರಿನ ಕಿಟಕಿಗೆ ಬಗ್ಗಿ, “ಕೆಲಸ ಆಯ್ತಾ ಮಾರಾಯ್ರೆ?” ಎಂದು ಪಿಸುಗುಟ್ಟಿದರು. ಗುರುದತ್ತರಿಗೆ ಆ ಪಿಸುಮಾತಿಗೇ ಮೈ ಮುದುಡಿತು. ಅಷ್ಟರಲ್ಲಿ ಸುರಕ್ಷಾ ಹಸಿರು ನೋಟ್‌ಬುಕ್ಕು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಅಮ್ಮನ ಬಳಿ ನೆಟ್ಟಗೆ ಹೋದಳು.

“ಕಾಫಿಗೆ ನೀರಿಟ್ಟಿದ್ದೇನೆ, ಬನ್ನಿ ಒಳಗೆ. ಓದುವ,” ಎಂದರು ಚಂದ್ರಾವತಿ ನಗುತ್ತ.

“ನೀನೇ ಓದು ಅಮ್ಮ. ಲಾಸ್ಟ್ ಪೇಜ್.”

ಚಂದ್ರಾವತಿ ಬಾಗಿಲ ದೀಪದ ಕೆಳಗೆ ಹಾಳೆ ಹಿಡಿದು ಜೋರಾಗಿ ಓದಿದರು: “ಹುಡುಗಿ ಬಹಳ ಚೆನ್ನಾಗಿ ಹಾಡಿದಳು. ಇಂಥ ಹಾಡನ್ನು ನಾನು ಕೇಳಿಲ್ಲ. ಆಮೇಲೆ ನಾನು ಅವಳ ಬೆನ್ನ ಹಿಂದೆ ಮುಖ್ಯಸ್ಥೆಯ ಬಳಿ ಹೋಗಿ ಇವಳನ್ನು ಸೇರಿಸಿಕೊಳ್ಳಬೇಡಿ ಎಂದೆ. ಹಾಗೆ ಹೇಳಲು ಶಾಂತಾರಾಮ…” ದನಿ ಅಲ್ಲಿಗೆ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡರು. ಗಂಡನನ್ನು ನೋಡಿದರು, ಗುರುದತ್ತರನ್ನು ನೋಡಿದರು. ಶಾಂತಾರಾಮರು ಹುಲ್ಲು ನೋಡುತ್ತಿದ್ದರು.

“ಫಾರಂ ತಂದಿದ್ದೀಯಾ?” ಎಂದು ಚಂದ್ರಾವತಿ ಮಗಳನ್ನು ಕೇಳಿದರು. “ಬಾ ಒಳಗೆ. ನಾನು ಸಹಿ ಹಾಕ್ತೇನೆ.”

ನೋಟ್‌ಬುಕ್ಕನ್ನು ಮೆಟ್ಟಿಲ ಮೇಲೆ ಇಟ್ಟು ತಾಯಿ ಮಗಳು ಒಳಗೆ ಹೋದರು. ತೆರೆದ ಬಾಗಿಲಿನಿಂದ ಕಾಫಿಯ ಘಮ ಡ್ರೈವ್‌ವೇಗೆ ಬರುತ್ತಿತ್ತು. ಗುರುದತ್ತರು ಸ್ವಲ್ಪ ಹೊತ್ತು ನಿಂತರು. ಬನ್ನಿ ಎಂದು ಮತ್ತೆ ಯಾರೂ ಕರೆಯಲಿಲ್ಲ.

ಮನೆಗೆ ಬಂದವರೇ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸತೊಡಗಿದರು. ಒಂದು ಸಲ, ಎರಡು ಸಲ, ನಾಲ್ಕು ಸಲ. ವಸಂತಾ ಬಾಗಿಲಿಗೆ ಬಂದು ನಿಂತಳು.

“ಅಲ್ಲಿ ಏನಾದ್ರೂ ತಿಂದ್ರಾ? ಅಷ್ಟೊಂದು ಯಾಕೆ ಮುಕ್ಕಳಿಸ್ತಿದೀರಿ?”

“ಏನೂ ತಿಂದಿಲ್ಲ ಕಣೆ,” ಎಂದು ಗುರುದತ್ತರು ಮತ್ತೆ ನಲ್ಲಿ ತಿರುಗಿಸಿದರು.